ಸುದ್ದಿ ಒಯ್ಯುತ್ತಿದ್ದ ಶಟ್ಟೆಪ್ಪ

ಶಟ್ಟೆಪ್ಪ ತೀರಿಕೊಂಡ ಹನ್ನೊಂದನೆಯ ದಿನ ನಮ್ಮ ಬಸರಿಕೊಪ್ಪದ ಶಾಲೆಯ ಪಡಸಾಲೆಯಲ್ಲಿ ಸಣ್ಣದೊಂದು ಸಭೆ ಸೇರಿತ್ತು. ಕಟ್ಟೀಮನಿ ಕಲ್ಮೇಶ ಎದ್ದು ನಿಂತು, "ಮನಿಮನಿಗೆ ಫೋನ್ ಬಂದ್ವು, ಪಾಪ, ಶಟ್ಟೆಪ್ಪ ಕಾಕಾನ ಕೆಲಸ ನಡುವ ಅಷ್ಟ ವರ್ಷ ನಿಂತಿತ್ತು" ಎಂದ. ಎಲ್ಲರೂ ಹೌದೆಂದು ತಲೆಯಾಡಿಸಿದರು. ನಾನೂ ಆಡಿಸಿದೆ. ಮನೆಗೆ ಬಂದು ಕಾಗದ ಹಿಡಿದು ಕೂತೆ.

ಫೋನು ನಮ್ಮೂರಿಗೆ ಬಂದದ್ದು 1999ರಲ್ಲಿ. ಊರು ಶಟ್ಟೆಪ್ಪನನ್ನು ಸುದ್ದಿ ಒಯ್ಯಲು ಕರೆಯುವುದು ಬಿಟ್ಟದ್ದು 1996ರ ಚಳಿಗಾಲದಲ್ಲಿ. ನಡುವಿನ ಆ ಮೂರು ವರ್ಷಕ್ಕೆ ಫೋನು ಕಾರಣವಲ್ಲ, ನಾನು ಕಾರಣ. ಸಭೆಯಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವನ ಜೀವನವನ್ನು ಯಾರಾದರೂ ಬರೆಯಬೇಕು. ಬರೆಯಲು ಕೂತರೆ ನನ್ನ ಹೊಟ್ಟೆಕಿಚ್ಚನ್ನು ಬಿಟ್ಟು ಬರೆಯಲು ಬರುವುದಿಲ್ಲ.

ಬಸರಿಕೊಪ್ಪ ಬೈಲಹೊಂಗಲದಿಂದ ಎರಡು ಕಿಲೋಮೀಟರಿನಲ್ಲಿ, ಕಿತ್ತೂರ ರಸ್ತೆಗೆ ಹೊಂದಿಕೊಂಡು ಇದೆ. ನಾವು ಸಣ್ಣವರಿದ್ದಾಗ ನೂರೆಂಬತ್ತು ಮನೆ. ನಡುವೆ ಕಪ್ಪು ಮಣ್ಣಿನ ಎರಿ ಹೊಲ, ಹತ್ತಿ, ಜೋಳ. ಹೊಲಗಳಾಚೆ ಪೇಟೆಯ ಹತ್ತಿ ಜಿನ್ನಿಂಗ್ ಕಾರ್ಖಾನೆಯ ಚಿಮಣಿ ಕಾಣುತ್ತಿತ್ತು. 1988ರ ಸುಮಾರಿಗೆ ರಸ್ತೆಯ ಪಕ್ಕದ ಹೊಲಗಳಲ್ಲಿ ಬಿಳಿ ಬಣ್ಣ ಬಳಿದ ಕಲ್ಲು ನೆಟ್ಟರು. ಕಣ ಮಾಡುತ್ತಿದ್ದ ಜಾಗಗಳು ಪ್ಲಾಟುಗಳಾದವು. ಬ್ಯಾಂಕಿನ ಗುಮಾಸ್ತರು, ಕೆ.ಇ.ಬಿ. ಲೈನ್‌ಮನ್‌ಗಳು, ವರ್ಗವಾಗಿ ಬಂದ ಶಿಕ್ಷಕರು ಮನೆ ಕಟ್ಟಿಕೊಂಡರು. ಹಳೆಯ ಊರಿಗೆ ಊರು ಅಂತಲೂ ಹೊಸದಕ್ಕೆ ಲೇಔಟ್ ಅಂತಲೂ ಹೆಸರಾಯಿತು. ಊರಿನವರು ಲೇಔಟಿನವರಿಗೆ ಹಾಲು ಹಾಕುತ್ತಿದ್ದರು. ಬೇರೆ ಸಂಬಂಧ ಇರಲಿಲ್ಲ. ಹಣಮಪ್ಪನ ಗುಡಿಯ ದೀಪಕ್ಕೆ ಎಣ್ಣೆ ಕೊಡುವ ಪಾಳಿಯಲ್ಲಿ ಲೇಔಟಿನವರನ್ನು ಸೇರಿಸಬೇಕೋ ಬೇಡವೋ ಎಂಬ ಜಗಳ ನಾಲ್ಕು ವರ್ಷ ನಡೆಯಿತು. ಎರಡೂ ಕಡೆಯವರ ಅಡುಗೆಮನೆಯವರೆಗೆ ಹೋಗಿಬರುತ್ತಿದ್ದ ಗಂಡಸು ಒಬ್ಬನೇ. ಅವನೇ ಶಟ್ಟೆಪ್ಪ.

ಅವನಿಗೆ ಎರಡೆಕರೆ ಹೊಲವಿತ್ತು. ನಾನೂ ಅವನೂ ನಾಲ್ಕನೆಯ ಇಯತ್ತೆಯವರೆಗೆ ಒಂದೇ ಮಣೆಯ ಮೇಲೆ ಕೂತವರು. ನಾನು ಮುಂದೆ ಓದಿ ಧಾರವಾಡಕ್ಕೆ ಹೋಗಿ ಎಂ.ಎ. ಮಾಡಿ ಬೈಲಹೊಂಗಲದಲ್ಲೇ ಹೈಸ್ಕೂಲು ಶಿಕ್ಷಕನಾದೆ. ಅವನು ಹೊಲಕ್ಕೆ ಹೋದ. ಅವನ ಮಾವ ಒಬ್ಬರು ಊರಿನ ಸುದ್ದಿ ಒಯ್ಯುತ್ತಿದ್ದರು. ಅವರ ಕಾಲು ಸೋತ ಮೇಲೆ ಆ ಕೆಲಸ ಶಟ್ಟೆಪ್ಪನಿಗೆ ಬಂತು.

ಯಾರಾದರೂ ಸತ್ತರೆ ಬೇರೆ ಊರಿನ ಬೀಗರಿಗೆ, ಕೊಟ್ಟ ಹೆಣ್ಣುಮಕ್ಕಳಿಗೆ, ತವರಿಗೆ ಸುದ್ದಿ ಮುಟ್ಟಿಸುವುದು ಅವನ ಕೆಲಸ. ಮದುವೆಯಿದ್ದರೆ ಅದೇ ಮನೆಗಳಿಗೆ ಕರೆ ಹೇಳುವುದೂ ಅವನೇ. ಸಂಪಗಾಂವ, ಸಂಗೊಳ್ಳಿಯಂಥ ಹತ್ತಿರದ ಊರುಗಳಿಗೆ ಸೈಕಲ್, ದೂರದವಕ್ಕೆ ಬಸ್ಸು. ಮದುವೆಯ ಕರೆಗೆ ಹೋದರೆ ಸೈಕಲ್ಲನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೂರುತ್ತಿದ್ದ. ಸಾವಿನ ಸುದ್ದಿಯಿದ್ದರೆ ಸೈಕಲ್ಲು ಕೈಯಲ್ಲೇ ಇರುತ್ತಿತ್ತು, ಚಪ್ಪಲಿ ಬಿಡುತ್ತಿರಲಿಲ್ಲ, ನೀರು ಕೇಳುತ್ತಿರಲಿಲ್ಲ. ಸುತ್ತಲಿನ ಊರುಗಳ ಹೆಂಗಸರು ಬಾಗಿಲಿನಿಂದಲೇ ಅವನ ಸೈಕಲ್ಲು ನೋಡಿ ಅರ್ಧ ತಿಳಿದುಕೊಳ್ಳುತ್ತಿದ್ದರು. ಇನ್ನರ್ಧ ಹೇಗೆ ಹೇಳಬೇಕೆಂಬುದು ಅವನಿಗೆ ಮಾತ್ರ ಗೊತ್ತಿತ್ತು.

1991ರಲ್ಲಿ ನನ್ನ ಅವ್ವ ಹೋದಳು. ನನ್ನ ತಂಗಿ ಅನ್ನಪೂರ್ಣಾಳನ್ನು ಸಂಪಗಾಂವಿಗೆ ಕೊಟ್ಟಿದ್ದೆವು. ಶಟ್ಟೆಪ್ಪ ಹೋಗಿ ಕರೆತಂದ. ದಿನಕರ್ಮಗಳೆಲ್ಲ ಮುಗಿದ ಮೇಲೆ ಅವಳನ್ನು ಕೇಳಿದೆ, "ಅಂವ ನಿನಗ ಏನಂತ ಹೇಳಿದ?"

"ನಾ ನೀರ ತರಾಕತ್ತಿದ್ನಿ. ತಲಿ ಮ್ಯಾಲೊಂದು, ಬಗಲಾಗೊಂದು ಕೊಡ. ಶಟ್ಟೆಪ್ಪಣ್ಣ ದಾರ್‍ಯಾಗ ಸಿಕ್ಕ. 'ತಂಗಿ, ಕೊಡ ಇಳಸು' ಅಂದ. ಇಳಿಸಿದೆ. 'ಎರಡೂ ಇಳಸು' ಅಂದ. ಆಮ್ಯಾಲ ಹೇಳಿದ."

"ಅಷ್ಟ?"

"ಅಷ್ಟ. ನೀ ಬಂದಿದ್ರ ಮಾರಿ ನೋಡಿದ ಕೂಡ್ಲೆ ಅತ್ತ ಬಿಡತಿದ್ದಿ, ನಾನೂ ಕೊಡ ಒಡ್ಕೊಂಡು ಬೀಳತಿದ್ದೆ. ಅಂವ ಬಂದದ್ದ ಚಲೋ ಆತು."

ಅವಳು ಅದನ್ನು ಸಹಜವಾಗಿ ಹೇಳಿದಳು. ನನಗೆ ಅದು ನಾಟಿತು. ನನ್ನ ಅವ್ವ ಸತ್ತ ಸುದ್ದಿಯನ್ನು ನನ್ನ ತಂಗಿಗೆ ಹೇಳಲು ನನಗಿಂತ ಯೋಗ್ಯ ಇನ್ನೊಬ್ಬನಿದ್ದಾನೆ ಎಂದು ಅವಳೇ ಹೇಳುತ್ತಿದ್ದಳು. ನಾನು ಓದಿದ ಅಷ್ಟೂ ಪುಸ್ತಕಗಳಲ್ಲಿ "ಎರಡೂ ಇಳಸು" ಎಂಬಂಥ ಮಾತು ಎಲ್ಲಿಯೂ ಸಿಕ್ಕಿರಲಿಲ್ಲ.

ಆಮೇಲೆ ಜನ ನನ್ನನ್ನೂ ಅವನನ್ನೂ ಹೇಗೆ ಕಾಣುತ್ತಾರೆ ಎಂಬುದನ್ನು ಗಮನಿಸತೊಡಗಿದೆ. ನಾನು ಯಾರ ಮನೆಗೆ ಹೋದರೂ "ಮಾಸ್ತರ್ ಬಂದಾರ, ಕುರ್ಚಿ ಹಾಕ್ರಿ" ಎನ್ನುತ್ತಿದ್ದರು. ಹೆಂಗಸರು ಸೆರಗು ಸರಿಪಡಿಸಿಕೊಂಡು ಒಳಗೆ ಸರಿಯುತ್ತಿದ್ದರು. ಚಹಾ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಒಮ್ಮೆ ಓಣಿಯ ಯಲ್ಲವ್ವನ ಮನೆಯಲ್ಲಿ ಹೀಗೆ ಕುರ್ಚಿಯ ಮೇಲೆ ಕೂತಿದ್ದಾಗ ಶಟ್ಟೆಪ್ಪ ಹಿತ್ತಲ ಬಾಗಿಲಿನಿಂದ ಬಂದ. ಯಲ್ಲವ್ವ ಒಳಗಿನಿಂದಲೇ ಅಂದಳು:

"ಏನೋ ಶಟ್ಟೆಪ್ಪ, ಇವತ್ತ ಯಾರನ್ನ ಕಳಿಸಿ ಬಂದಿ?"

"ನಿನ್ನ ಪಾಳಿ ಯಾವಾಗ ಅಂತ ಕೇಳಾಕ ಬಂದೇನಿ."

"ನಂದಾ? ನಿನ್ನ ಸೈಕಲ್ಲಿನ ಗಾಲಿ ಸವಿಯೂ ತನಕ ನಾ ಹೋಗಾಂಗಿಲ್ಲ ತಗೋ. ಕುಂಡ್ರ, ರೊಟ್ಟಿ ಬಡ್ಯಾಕತ್ತೇನಿ."

ಅವನು ಒಲೆಯ ಹತ್ತಿರ ಕೂತ. ಸೊಸೆಯ ಮೇಲಿನ ಸಿಟ್ಟು, ಮಗಳ ಮನೆಯ ಹೊಸ ಎಮ್ಮೆ, ಮೊಣಕಾಲಿನ ನೋವು, ಎಲ್ಲ ಅವನಿಗೆ ಹರಿದುಬಂತು. ನನ್ನ ಚಹಾ ಆರಿತ್ತು. ಹೊರಡುವಾಗ ಯಲ್ಲವ್ವ ಬಾಗಿಲಿಗೆ ಬಂದು, "ಹೋಗಿಬರ್‍ರಿ ಮಾಸ್ತರ್" ಎಂದು ಬಹಳ ಗೌರವದಿಂದ ಹೇಳಿದಳು. ಆ ಗೌರವ ನನಗೆ ಬೇಡವಾಗಿತ್ತು.

ಲೇಔಟಿನಲ್ಲೂ ಹಾಗೆಯೇ. 1993ರಲ್ಲಿ ಲೈನ್‌ಮನ್ ಬೀರಪ್ಪನ ತಂದೆ ಲೇಔಟಿನ ಮನೆಯಲ್ಲಿ ತೀರಿಕೊಂಡರು. ಅವರ ಬಳಗವೆಲ್ಲ ರಾಮದುರ್ಗದ ಕಡೆ. ಬೀರಪ್ಪನಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಶಟ್ಟೆಪ್ಪ ಕರೆಯದೇ ಹೋಗಿ, ಯಾವ ಯಾವ ಊರು, ಯಾರು ಮೊದಲು, ಯಾರಿಗೆ ಹೇಳದಿದ್ದರೆ ಆಮೇಲೆ ಮಾತು ಬರುತ್ತದೆ ಎಂದು ಕೇಳಿಕೊಂಡು ಬಸ್ಸು ಹತ್ತಿದ. ಎಣ್ಣೆಯ ಪಾಳಿಯ ಜಗಳ ಆ ವರ್ಷವೇ ನಿಂತಿತು. ಬೀರಪ್ಪ ಗುಡಿಗೆ ಎಣ್ಣೆ ತಂದಾಗ ಯಾರೂ ಬೇಡ ಎನ್ನಲಿಲ್ಲ. ನಾನು ಆ ಜಗಳ ಬಿಡಿಸಲು ಎರಡು ಸಭೆ ಕರೆದು ಭಾಷಣ ಮಾಡಿದ್ದೆ.

1996ಕ್ಕೆ ನಮ್ಮೂರ ಶಾಲೆಗೆ ನೂರು ವರ್ಷ ತುಂಬಿತು. ನಾನು ಅದೇ ವರ್ಷ ನಿವೃತ್ತನಾದೆ. ಶತಮಾನೋತ್ಸವ ಸಮಿತಿಗೆ ಕಟ್ಟೀಮನಿ ಅಂದಾನೆಪ್ಪನವರು ಅಧ್ಯಕ್ಷರು. ಕಲ್ಮೇಶ ಅವರ ಮಗ. ಊರಿನ ಚರಿತ್ರೆ ಬರೆದು ಪುಸ್ತಕ ಮಾಡಬೇಕೆಂದು ತೀರ್ಮಾನವಾಯಿತು, ಬರೆಯುವ ಕೆಲಸ ನನ್ನದಾಯಿತು. ನಾಲ್ಕು ತಿಂಗಳು ಮನೆಮನೆ ತಿರುಗಿದೆ. ಗುಡಿ ಕಟ್ಟಿಸಿದ ವರ್ಷ, ಬಾವಿ ತೋಡಿಸಿದವರ ಹೆಸರು, ಪ್ಲೇಗಿನ ವರ್ಷ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದ್ದು, ಇಷ್ಟು ಸಿಕ್ಕವು. ಅದಕ್ಕಿಂತ ಹೆಚ್ಚು ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಅದನ್ನ ಶಟ್ಟೆಪ್ಪನ್ನ ಕೇಳ್ರಿ, ಅಂವಗ ಗೊತ್ತೈತಿ."

ಕೇಳಿದೆ. ಅವನು ಯಾವುದನ್ನೂ ಮುಚ್ಚಿಡಲಿಲ್ಲ. ಊರಿನ ಚರಿತ್ರೆಯನ್ನು ಅವನು ನನ್ನ ಹಾಗೆ ವರ್ಷದಿಂದ ಹಿಡಿದು ಹೇಳುತ್ತಿರಲಿಲ್ಲ. ಯಾವ ಊರಿನಿಂದ ಯಾವ ಹೆಣ್ಣು ಬಂದಳು, ಯಾವಳು ಎಲ್ಲಿಗೆ ಹೋದಳು ಎಂಬುದರಿಂದ ಹೇಳುತ್ತಿದ್ದ. ಸಿರಸಂಗಿಯಿಂದ ಮೂವರು, ಸವದತ್ತಿಯಿಂದ ಒಬ್ಬಳು. ಆ ದಾರಿಯಲ್ಲಿ ಹೋದರೆ ಗಂಡಸರ ಚರಿತ್ರೆಯಲ್ಲಿ ಇಲ್ಲದ್ದೆಲ್ಲ ಸಿಗುತ್ತಿತ್ತು. ಹೀಗೆ ಒಂದು ಮಧ್ಯಾಹ್ನ, ಅವನ ಹೊಲದ ಬದುವಿನ ಮೇಲೆ ಕೂತಿದ್ದಾಗ, ರಾಚವ್ವನ ವಿಷಯ ಹೇಳಿದ.

ಶಾಲೆಯ ಜಾಗ ಕೊಟ್ಟವರು ಕಟ್ಟೀಮನಿ ನಿಜಗುಣಪ್ಪನವರು, ಅಂದರೆ ಅಂದಾನೆಪ್ಪನವರ ಮುತ್ತಜ್ಜ, ಎಂದು ಶಾಲೆಯ ಕಲ್ಲಿನ ಮೇಲೆ ಇದೆ. ಶಟ್ಟೆಪ್ಪ ಹೇಳಿದ್ದು ಬೇರೆ. ನಿಜಗುಣಪ್ಪನವರ ಹೆಂಡತಿ ರಾಚವ್ವ ಉಡಕಿಯಾಗಿ ಬಂದವಳು. ಗಂಡ ಸತ್ತವಳಿಗೆ ಅಕ್ಷತೆ, ಬಾಸಿಂಗ ಏನೂ ಇಲ್ಲದೆ ಹೊಸ ಸೀರೆ ಉಡಿಸಿ ಎರಡನೆಯ ಗಂಡನಿಗೆ ಕೊಡುವುದು ಉಡಕಿ. ತಪ್ಪಲ್ಲ, ಎಲ್ಲ ಊರಲ್ಲೂ ನಡೆಯುತ್ತಿತ್ತು. ಆದರೆ ಉಡಕಿಯ ಸಂತಾನ ಎಂದರೆ ಕನ್ಯೆ ಕೊಟ್ಟು ತರುವಾಗ ಇವತ್ತಿಗೂ ಜನ ಹಿಂದೆಮುಂದೆ ನೋಡುತ್ತಾರೆ. ಮಗಳಿಗೆ ಮುಂದೆ ಕಷ್ಟ ಬರಬಾರದೆಂದು ರಾಚವ್ವನ ತವರಿನವರು ಹತ್ತು ಗುಂಟೆ ಜಾಗವನ್ನು ಅವಳ ಹೆಸರಿಗೆ ಬರೆಸಿಕೊಂಡಿದ್ದರು. ಶಾಲೆ ನಿಂತದ್ದು ಆ ಹತ್ತು ಗುಂಟೆಯ ಮೇಲೆ. ಅವಳು ಕೊಟ್ಟಳು, ಕಲ್ಲಿನ ಮೇಲೆ ಗಂಡನ ಹೆಸರು ಬಂತು. ಅಂದಾನೆಪ್ಪನವರ ತಾಯಿ ಬಾಯವ್ವ ಮದುವೆಯಾಗಿ ಬಂದಾಗ ರಾಚವ್ವ ಮುದುಕಿಯಾಗಿ ಬದುಕಿದ್ದಳು, ತಾನೇ ಮೊಮ್ಮಗನ ಹೆಂಡತಿಗೆ ಇದನ್ನು ಹೇಳಿದ್ದಳು. ಬಾಯವ್ವ ಮಕ್ಕಳಿಗೂ ಹೇಳದೆ ಶಟ್ಟೆಪ್ಪನಿಗೆ ಹೇಳಿದ್ದಳು.

"ಇದನ್ನ ಬರೀಬ್ಯಾಡ ಮಾಸ್ತರ" ಎಂದ.

"ಇದು ಆಕಿಗೆ ಗೌರವದ ಮಾತಲ್ಲೇನು?"

"ಹೌದು. ಆದ್ರ ಮನಿಯಾಗ ಗಂಗಾಂದು ಲಗ್ನದ ಮಾತ ನಡದೈತಿ. ಬರೀಬ್ಯಾಡ."

ಗಂಗಾ ಅಂದಾನೆಪ್ಪನವರ ಕಿರಿಯ ಮಗಳು. ರಾಮದುರ್ಗದ ಕಡೆಯ ದೊಡ್ಡ ಮನೆಯೊಂದರಿಂದ ಬಂದು ನೋಡಿಹೋಗಿದ್ದರು. ಅದು ನನಗೂ ಗೊತ್ತಿತ್ತು.

ಬರೆದೆ. ಸತ್ಯ ಹೇಳಬೇಕು, ಹೆಣ್ಣೊಬ್ಬಳ ದಾನ ಮುಚ್ಚಿಹೋಗಬಾರದು ಎಂದೆಲ್ಲ ನನಗೆ ನಾನೇ ಹೇಳಿಕೊಂಡೆ. ಆ ಮಾತುಗಳು ಸುಳ್ಳಲ್ಲ, ಆದರೆ ನಾನು ಬರೆದದ್ದು ಅವಕ್ಕಾಗಿ ಅಲ್ಲ. ಶಟ್ಟೆಪ್ಪನಿಗೆ ಮಾತ್ರ ಗೊತ್ತಿದ್ದದ್ದು ಇನ್ನು ನನ್ನ ಪುಸ್ತಕದಲ್ಲಿ ಇರುತ್ತದೆ, ಊರಿನವರು ಇನ್ನು ಮೇಲೆ "ಮಾಸ್ತರನ್ನ ಕೇಳ್ರಿ" ಎನ್ನುತ್ತಾರೆ ಎಂಬ ಆಸೆಯಿಂದ ಬರೆದೆ. ಒಂದು ಪುಟ ತುಂಬ ರಾಚವ್ವ ಇದ್ದಳು. ಪುಸ್ತಕದ ಕೊನೆಯಲ್ಲಿ ಸಹಾಯ ಮಾಡಿದವರ ಹೆಸರು ಹಾಕಿದ್ದೆ. ಹದಿನಾರು ಹೆಸರುಗಳಲ್ಲಿ ಶಟ್ಟೆಪ್ಪನದು ಇರಲಿಲ್ಲ. ಮರೆತದ್ದಲ್ಲ.

ಪುಸ್ತಕ ಬಿಡುಗಡೆಯಾದ ದಿನ ಯಾರೂ ಓದಿರಲಿಲ್ಲ. ಹಾರ ಹಾಕಿದರು, ಶಾಲು ಹೊದಿಸಿದರು. ಒಂದು ವಾರಕ್ಕೆ ಒಂದು ಪ್ರತಿ ರಾಮದುರ್ಗದ ಕಡೆಗೆ ಹೋಯಿತು. ಹತ್ತನೆಯ ದಿನ ಅಲ್ಲಿಂದ ಸುದ್ದಿ ಬಂತು, ಈ ವರ್ಷ ನಮಗೆ ಯೋಗ ಕೂಡುವುದಿಲ್ಲ ಎಂದು. ಇಂಥ ಮಾತಿನ ಅರ್ಥ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಅಂದಾನೆಪ್ಪನವರು ಶಾಲೆಯ ಪಡಸಾಲೆಯಲ್ಲಿ ಸಮಿತಿಯವರನ್ನು ಕೂರಿಸಿದರು. ಊರಿನ ಹತ್ತಿಪ್ಪತ್ತು ಜನ ತಾವಾಗಿ ಬಂದು ನಿಂತರು. ಶಟ್ಟೆಪ್ಪ ಕಂಬದ ಹತ್ತಿರ ನಿಂತಿದ್ದ. ಅಂದಾನೆಪ್ಪನವರು ದನಿ ಏರಿಸುವವರಲ್ಲ.

"ಮಾಸ್ತರ, ಬರದೀರಿ, ಚಲೋ ಬರದೀರಿ. ನನಗ ಗೊತ್ತಿಲ್ಲದ್ದು ನಿಮಗ ಹ್ಯಾಂಗ ಗೊತ್ತಾತು? ಅಷ್ಟ ಹೇಳ್ರಿ."

ಆಗ ಹೇಳಬೇಕಾದ ಮಾತು ಒಂದೇ ಇತ್ತು: ಹೇಳಿದವನು ಬರೆಯಬೇಡ ಎಂದಿದ್ದ, ನಾನು ಮೀರಿ ಬರೆದೆ. ನಾನು ಹೇಳಿದ್ದು ಇದು:

"ನಾ ಮನಸಿನಿಂದ ಏನೂ ಹುಟ್ಟಿಸಿ ಬರದಿಲ್ರಿ. ಹೇಳಿದವರು ಹೇಳಿದ್ದನ್ನ ಬರದೇನಿ."

ಮತ್ತು ಶಟ್ಟೆಪ್ಪನ ಕಡೆ ನೋಡಿದೆ. ಎಲ್ಲರೂ ನನ್ನ ಕಣ್ಣು ಹೋದ ಕಡೆ ನೋಡಿದರು. ಅಂದಾನೆಪ್ಪನವರು, "ಏನೋ ಶಟ್ಟೆಪ್ಪ, ನಮ್ಮವ್ವ ನಿನಗ ಹೇಳಿದ್ಲೇನು?" ಎಂದರು.

"ಹೇಳಿದ್ರಿ."

"ನೀ ಇವರಿಗೆ ಹೇಳಿದಿ?"

"ಹೇಳೇನ್ರಿ."

ಇಷ್ಟೇ. "ಬರೀಬ್ಯಾಡ ಅಂದಿದ್ದೆ" ಎಂದು ಅವನು ಸೇರಿಸಲಿಲ್ಲ. ಎರಡು ಮಾತಿನ ಕೆಲಸ ಅದು. ನಾನು ಕಾಯುತ್ತಿದ್ದೆ, ಅವನು ಹೇಳಿದ್ದರೆ ಒಪ್ಪಿಕೊಳ್ಳುತ್ತಿದ್ದೆನೇನೋ. ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಗಂಗಾಳಿಗೆ ಎರಡು ವರ್ಷದ ಮೇಲೆ ಕಿತ್ತೂರಿನಲ್ಲಿ ಒಳ್ಳೆಯ ಸಂಬಂಧ ಸಿಕ್ಕಿತು. ಆ ಮದುವೆಯ ಕರೆ ಹೇಳಲು ಬೇರೆಯವರು ಹೋದರು. ಶಟ್ಟೆಪ್ಪನ ಕಿವಿಗೆ ಬಿದ್ದದ್ದು ಪುಸ್ತಕಕ್ಕೆ ಹೋಗುತ್ತದೆ ಎಂಬ ಮಾತು ಊರಲ್ಲೂ ಲೇಔಟಲ್ಲೂ ನಿಂತಿತು. ಪುಸ್ತಕ ಬಂದ ಆ ಚಳಿಗಾಲದಲ್ಲೇ ಊರಿನಲ್ಲಿ ಮೂರು ಸಾವಾದವು. ಮೊದಲನೆಯದರಲ್ಲಿ ಅವನು ತಲೆಗೆ ರುಮಾಲು ಸುತ್ತಿ, ಸೈಕಲ್ಲಿಗೆ ಗಾಳಿ ಹೊಡೆದು, ತನ್ನ ಬಾಗಿಲಲ್ಲಿ ನಿಂತಿದ್ದ. ಸತ್ತವರ ಅಳಿಯ ಮೋಟರ್‌ಸೈಕಲ್ ಮೇಲೆ ಅವನ ಮುಂದೆಯೇ ಹಾಯ್ದುಹೋದ. ಎರಡನೆಯದರಲ್ಲೂ ನಿಂತ. ಮೂರನೆಯದರ ಹೊತ್ತಿಗೆ ಹೊಲಕ್ಕೆ ಹೋಗಿದ್ದ. ಯಲ್ಲವ್ವನ ಹಿತ್ತಲ ಬಾಗಿಲಿಗೂ ಅಗುಳಿ ಬಿತ್ತು. ಅವಳು ಅವನನ್ನು ಬೈಯಲಿಲ್ಲ. "ಕುರ್ಚಿ ಹಾಕ್ರಿ" ಎಂದಳಂತೆ.

ನಾನು ಗೆದ್ದಿದ್ದೆ. ಊರು ಈಗ "ಶಟ್ಟೆಪ್ಪನ್ನ ಕೇಳ್ರಿ" ಎನ್ನುತ್ತಿರಲಿಲ್ಲ. "ಮಾಸ್ತರನ್ನ ಕೇಳ್ರಿ" ಎಂದೂ ಅನ್ನಲಿಲ್ಲ. ಯಾರೂ ಯಾರನ್ನೂ ಕೇಳುವುದೇ ನಿಂತಿತು. ಊರಿನಿಂದ ಲೇಔಟಿಗೆ ಹೋಗುವುದು ಮತ್ತೆ ಹಾಲಷ್ಟೇ ಆಯಿತು. 1998ರಲ್ಲಿ ಸಂಗೊಳ್ಳಿಗೆ ಕೊಟ್ಟ ಒಬ್ಬ ಮಗಳಿಗೆ ಅಪ್ಪ ಸತ್ತದ್ದು ಮೂರನೆಯ ದಿನ ಗೊತ್ತಾಯಿತು. ಅವರಿವರು ಹೇಳುತ್ತಾರೆಂದು ಎಲ್ಲರೂ ಸುಮ್ಮನಿದ್ದರು. ಅವಳು ಬಂದು ಓಣಿಯಲ್ಲಿ ನಿಂತು, "ಈ ಊರಾಗ ನನಗ ಒಬ್ರರ ಇದ್ದೀರೇನು?" ಎಂದು ಕೇಳಿದಳು. ನಾನು ಕಿಟಕಿ ಹಾಕಿಕೊಂಡೆ. ಮರುವರ್ಷ ಫೋನು ಬಂತು. ನನಗೆ ಬದುಕಿದಂತಾಯಿತು. ಇನ್ನು ಮೇಲೆ ಕಾರಣ ಕೇಳಿದರೆ ಹೇಳಲು ಒಂದು ವಸ್ತುವಿತ್ತು.

ಶಟ್ಟೆಪ್ಪ ನನ್ನೊಡನೆ ಮಾತು ಬಿಡಲಿಲ್ಲ. ಎದುರಾದರೆ "ಏನ ಮಾಸ್ತರ, ಆರಾಮ?" ಎನ್ನುತ್ತಿದ್ದ. ಅದಕ್ಕಿಂತ ಹೆಚ್ಚು ಒಂದಕ್ಷರ ಇಲ್ಲ. ಅವನ ಹೆಂಡತಿ ಸಾವಂತ್ರೆವ್ವ ಮಾತ್ರ ನನ್ನನ್ನು ಕಂಡರೆ ದಾರಿ ದಾಟಿ ಆ ಬದಿಗೆ ಹೋಗುತ್ತಿದ್ದಳು.

ಏಳು ವರ್ಷ ಹೀಗೆ ಕಳೆಯಿತು. 2003ರಲ್ಲಿ, ಹತ್ತಿ ಬಿಡಿಸುವ ಹೊತ್ತಿನಲ್ಲಿ, ಅವನ ಹೊಲಕ್ಕೆ ಹೋದೆ. ಅವನೂ ಸಾವಂತ್ರೆವ್ವನೂ ಒಂದೊಂದು ಸಾಲು ಹಿಡಿದಿದ್ದರು. ನಾನೂ ಒಂದು ಸಾಲು ಹಿಡಿದೆ. ಅರ್ಧ ಸಾಲು ಮುಗಿದ ಮೇಲೆ ಹೇಳಿದೆ. ನನ್ನ ತಂಗಿಯ ಕೊಡದಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಅವನು ಹತ್ತಿ ಬಿಡಿಸುತ್ತಲೇ ಕೇಳಿದ.

"ಬರದದ್ದಕ್ಕ ನನಗ ಸಿಟ್ಟಿಲ್ಲ" ಎಂದ. "ನಾ ಹೇಳಬಾರದಿತ್ತು, ಹೇಳಿದೆ. ಅದು ನನ್ನ ತಪ್ಪು. ನೀ ಓದಿದಾಂವ, ನಿನಗ ಹೇಳಿದ್ರ ನನಗೂ ಒಂದ ನಮೂನಿ ದೊಡ್ಡಸ್ತನ ಅನಸ್ತಿತ್ತು."

"ಮತ್ತ?"

"ಸಭಾದಾಗ ನನ್ನ ಕಡೆ ನೋಡಿದ್ಯಲ್ಲ. ಆಗ ನಿನ್ನ ಮಾರಿ ಮ್ಯಾಲ ಖುಷಿ ಇತ್ತು ಮಾಸ್ತರ. ನಾ ಮಂದಿ ಮಾರಿ ಓದಿ ಹೊಟ್ಟಿ ಹೊರದಾಂವ. ಅದನ್ನ ನೋಡಿದ ಮ್ಯಾಲ ನನಗ ಏನೂ ಹೇಳೂದು ಬ್ಯಾಡ ಅನಿಸ್ತು."

ಪಕ್ಕದ ಸಾಲಿನಿಂದ ಸಾವಂತ್ರೆವ್ವ, "ಹತ್ತಿ ಬಿಡಸಾಕ ಬಂದಾರೋ, ಗಿಡ ಕೀಳಾಕ ಬಂದಾರೋ ಕೇಳು. ಅರ್ಧ ಕಾಯಿ ಗಿಡದಾಗ ಬಿಟ್ಟಾರ" ಎಂದಳು. ಏಳು ವರ್ಷದಲ್ಲಿ ಅವಳು ನನ್ನ ಬಗ್ಗೆ ಆಡಿದ ಮೊದಲ ಮಾತು ಅದು.

ಮರುದಿನ ಬಾಯವ್ವನ ಹತ್ತಿರ ಹೋದೆ. ಆಗ ಅವಳಿಗೆ ಎಂಬತ್ತೆಂಟು. ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಹೇಳಿದೆ.

"ಅಂವ ಬರೀಬ್ಯಾಡ ಅಂದಿದ್ನೇನು?"

"ಅಂದಿದ್ರಿ."

"ಎಷ್ಟ ಸಲ?"

"ಎರಡ ಸಲ."

"ಮತ್ತ ಏಳ ವರ್ಷ ಬಾಯಾಗ ಏನ ಇಟ್ಕೊಂಡಿದ್ರಿ?"

ಅವಳು ಅಂದಾನೆಪ್ಪನವರನ್ನು ಕರೆಸಿ, ನನ್ನಿಂದ ಮತ್ತೊಮ್ಮೆ ಎಲ್ಲ ಹೇಳಿಸಿದಳು. ಅಂದಾನೆಪ್ಪನವರು ಮೀಸೆ ತಿರುವುತ್ತ, "ಆದದ್ದು ಆಗಿಹೋತು" ಎಂದರು. ಅದು ನಿಜವೂ ಆಗಿತ್ತು. ಪಕ್ಕದ ಗೋಡೆಯ ಗೂಡಿನಲ್ಲೇ ಫೋನಿತ್ತು. ಶಟ್ಟೆಪ್ಪ ತಪ್ಪು ಮಾಡಿಲ್ಲವೆಂದು ತಿಳಿದರೂ ಅವನನ್ನು ಯಾವ ಕೆಲಸಕ್ಕೆ ಕರೆಯಬೇಕು? ತಡಮಾಡಿ ಹೇಳಿದ ಸತ್ಯ ಯಾವ ಬಾಗಿಲನ್ನೂ ತೆರೆಯಲಿಲ್ಲ.

2005ರ ಮಾಘದಲ್ಲಿ ಬಾಯವ್ವ ತೀರಿಕೊಂಡಳು. ಬೆಳಗಿನ ಆರಕ್ಕೆ ಜೀವ ಹೋಯಿತು, ಏಳರ ಹೊತ್ತಿಗೆ ಎಲ್ಲ ಊರಿಗೂ ಫೋನಾಗಿತ್ತು, ಒಂದನ್ನು ಬಿಟ್ಟು. ಸಿರಸಂಗಿ ಬಾಯವ್ವನ ತವರು. ತವರಿನವರು ಸೀರೆ ತಂದು ಹೊದಿಸದೆ ಹೂಳಿ ಮಣ್ಣು ಮಾಡುವಂತಿಲ್ಲ. ಅಂದಾನೆಪ್ಪನವರು ಅಂಗಳದಲ್ಲಿ ಎಲ್ಲರ ಮುಂದೆ ಹೇಳಿದರು, "ನಮ್ಮವ್ವ ಭಾಷೆ ತಗೊಂಡಾಳ. ನನ್ನ ತವರಿಗೆ ಫೋನ್ ಮಾಡಬ್ಯಾಡ್ರಿ, ಶಟ್ಟೆಪ್ಪನ್ನ ಕಳಿಸ್ರಿ ಅಂತ."

ಕಲ್ಮೇಶ ಗೊಣಗಿದ, "ಒಂದ ಮಿನಿಟಿನ ಕೆಲಸಪ್ಪಾ. ಬಿಸಲೇರಿದ ಮ್ಯಾಲ ಮಣ್ಣ ತಡಾ ಆಕ್ಕೈತಿ."

"ಆಗಲಿ. ಟ್ರ್ಯಾಕ್ಸ್ ಗಾಡಿ ತಗೊಂಡು ಹೋಗ್ರಿ. ಹೇಳಾಂವ ಮಾತ್ರ ಅಂವ."

ಅಂದಾನೆಪ್ಪನವರು ತಾವೇ ಶಟ್ಟೆಪ್ಪನ ಮನೆಗೆ ನಡೆದರು. ಊರು ಬಾಗಿಲಲ್ಲಿ ನಿಂತು ನೋಡಿತು. ಒಳಗೆ ಏನು ಮಾತಾಯಿತೋ ಗೊತ್ತಿಲ್ಲ, ನಾನು ಹೊರಗಿದ್ದೆ. ಶಟ್ಟೆಪ್ಪ ರುಮಾಲು ಸುತ್ತಿಕೊಳ್ಳುತ್ತ ಹೊರಬಂದು ನನ್ನನ್ನು ನೋಡಿ, "ಬರ್ತಿ ಏನ ಮಾಸ್ತರ? ಜಾಗಾ ಐತಿ" ಎಂದ.

ಸಿರಸಂಗಿಯ ಮನೆಯಲ್ಲಿ ಬಾಯವ್ವನ ತಮ್ಮ ಅಮೋಘಸಿದ್ದಪ್ಪ ಇದ್ದರು. ಎಂಬತ್ತು ದಾಟಿದವರು, ಕಣ್ಣು ಮಂಜು. ಟ್ರ್ಯಾಕ್ಸನ್ನು ಶಟ್ಟೆಪ್ಪ ಓಣಿಯ ತುದಿಗೇ ನಿಲ್ಲಿಸಿದ. ಮುದುಕರು ಅಂಗಳದಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದರು. ಶಟ್ಟೆಪ್ಪ ಅವರ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ಹಗ್ಗದ ಇನ್ನೊಂದು ತುದಿ ಹಿಡಿದುಕೊಂಡ.

"ಯಾರಪ್ಪಾ?"

"ಬಸರಿಕೊಪ್ಪದ ಶಟ್ಟೆಪ್ಪರಿ."

ಮುದುಕರ ಕೈ ನಿಂತಿತು. "ನೀ ಬರೂದು ಬಿಟ್ಟ ಭಾಳ ದಿನಾ ಆತಲ್ಲೋ" ಎಂದರು. "ನೀ ಬಂದಿಲ್ಲ, ಅಂದ್ರ ಅಲ್ಲೆ ಎಲ್ಲಾರೂ ಆರಾಮ ಅದಾರ ಅನ್ಕೊಂಡಿದ್ದೆ."

"ಅಕ್ಕಾರು ಹುಷಾರಿಯಿಂದ ಹ್ವಾದ್ರು. ಮಲಗಿದ್ದಲ್ಲಿಂದ ಮೊಮ್ಮಕ್ಕಳ ಹೆಸರ ಹಿಡದು ಕರದ್ರು. ನಿಮ್ಮದೂ ಕರದ್ರು. ಹಗ್ಗಾ ಬಿಡ್ರಿ, ನಾ ಹಿಡದೇನಿ."

ಮುದುಕರು ಬಿಟ್ಟರು.

ಬಾಯವ್ವನ ಕೊನೆಯ ಎರಡು ವರ್ಷ ವಾರಕ್ಕೊಮ್ಮೆ ನಾನು ಅವಳ ಹತ್ತಿರ ಕೂತು ಬಂದವನು. ಯಾವ ಔಷಧಿ, ಯಾವ ಮಾತು, ಎಲ್ಲ ನನಗೆ ಹೆಚ್ಚು ಗೊತ್ತಿತ್ತು. ಆ ಮನೆಯಲ್ಲಿ ಒಬ್ಬರೂ ನನ್ನನ್ನು ಕೇಳಲಿಲ್ಲ. ಸೊಸೆಯಂದಿರು ಶಟ್ಟೆಪ್ಪನ ಸುತ್ತ ಕೂತು ಅತ್ತರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಸಾವಿನ ಮನೆಯಲ್ಲಿ ನಿಂತು ನಾನು ಹೊಟ್ಟೆಕಿಚ್ಚು ಪಟ್ಟೆ.

ಟ್ರ್ಯಾಕ್ಸಿನಲ್ಲಿ ತವರಿನವರು ತುಂಬಿದರು. ನಾವಿಬ್ಬರೂ ಹಿಂದೆ ಉಳಿದು ಬಸ್ಸಿಗೆ ಸವದತ್ತಿಗೆ ಬಂದೆವು. ಅಲ್ಲಿ ಬೈಲಹೊಂಗಲದ ಬಸ್ಸು ತಡವಾಗಿ ಬಂತು. ಮಣ್ಣಿಗೆ ಮುಟ್ಟುವುದಿಲ್ಲವಲ್ಲ ಎಂದು ನಾನು ಚಡಪಡಿಸಿದೆ.

"ನಾ ಯಾವ ಮಣ್ಣಿಗೂ ಇದ್ದಾಂವಲ್ಲ" ಎಂದ ಶಟ್ಟೆಪ್ಪ. "ನಿಮ್ಮವ್ವನ ಮಣ್ಣಿಗೂ ಇರಲಿಲ್ಲ. ಅನ್ನಪೂರ್ಣಾನ ಬಸ್ಸ ಹತ್ತಿಸಿ ಇನ್ನೆರಡ ಊರಿಗೆ ಹೋದೆ. ಎಲ್ಲಾರೂ ಹೊತಗೊಂಡ ಹೋಗೂ ಮುಂದ ನಾ ಯಾವುದೋ ಊರಿನ ಹಾದ್ಯಾಗ ಇರತೇನಿ."

ಮೂವತ್ತು ವರ್ಷದಲ್ಲಿ ಇದು ನನ್ನ ತಲೆಗೆ ಹೊಳೆದಿರಲಿಲ್ಲ. ಮುನವಳ್ಳಿ ದಾಟಿದ ಮೇಲೆ ಅವನು ನನ್ನ ಮುಖ ನೋಡಿ ಕೇಳಿದ:

"ಅಲ್ಲೆ ಮತ್ತ ಹೊಟ್ಟಿ ಉರೀತ ಹೌದಿಲ್ಲ?"

"ಉರೀತು" ಎಂದೆ.

ಅವನು ನಕ್ಕ. ರುಮಾಲು ತೆಗೆದು ಮುಖ ಒರೆಸಿಕೊಂಡು ಮತ್ತೂ ನಕ್ಕ. "ಉರೀಲಿ ಬಿಡು. ಈ ಸಲ ಸುಳ್ಳ ಹೇಳಲಿಲ್ಲ."

ಮುಂದಿನ ವಾರ ಯಲ್ಲವ್ವನ ಮೊಮ್ಮಗಳ ಮದುವೆಯ ಕರೆಗೆ ಅವನನ್ನೇ ಕಳಿಸಿದರು. ಅಚ್ಚು ಹಾಕಿಸಿದ ಪತ್ರಿಕೆಯಿತ್ತು, ಫೋನಿತ್ತು, ಆದರೂ ಕಳಿಸಿದರು. ಲೇಔಟಿನ ಬೀರಪ್ಪ ತನ್ನ ಮಗನ ಮದುವೆಗೂ ಕರೆದ. ಊರಿನವರೂ ಲೇಔಟಿನವರೂ ಬಂದವರಿಗೆಲ್ಲ "ನಮ್ಮಲ್ಲಿ ಶಟ್ಟೆಪ್ಪ ಬಂದು ಹೇಳಿದರ ಕರದಂಗ" ಎಂದು ಹೇಳತೊಡಗಿದರು. ಎರಡು ವರ್ಷ ಹೀಗೆ ನಡೆಯಿತು. ಅರವತ್ತೊಂಬತ್ತರ ಮುದುಕ ಸೈಕಲ್ಲು ತುಳಿದುಕೊಂಡು ನನ್ನ ಮನೆಯ ಮುಂದೆ ಹಾಯುವುದನ್ನು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆ. ಕೆಲವೊಮ್ಮೆ ಕೈ ಎತ್ತುತ್ತಿದ್ದ. ಕೆಲವೊಮ್ಮೆ ಅವಸರದಲ್ಲಿ ನೋಡದೆಯೇ ಹೋಗುತ್ತಿದ್ದ. ಅಂಥ ದಿನ ನನಗೆ ಸಂಜೆಯವರೆಗೆ ಕಿರಿಕಿರಿಯಾಗುತ್ತಿತ್ತು. ಯಾರ ಮನೆಯಿಂದ, ಯಾವ ಊರಿಗೆ, ನನಗೆ ಗೊತ್ತಿಲ್ಲದ್ದು ಏನು ನಡೆದಿದೆ ಎಂದು ಯೋಚಿಸುತ್ತ ಕೂರುತ್ತಿದ್ದೆ. ಅವನನ್ನು ಯಾರೂ ಕರೆಯದೇ ಇದ್ದ ಆ ವರ್ಷಗಳಲ್ಲಿ ಈ ಕಿರಿಕಿರಿ ಇರಲಿಲ್ಲ. ಆ ವರ್ಷಗಳಲ್ಲಿ ನನಗೆ ಊರೇ ಇರಲಿಲ್ಲ ಎಂದು ಈಗ ಅನಿಸುತ್ತದೆ.

ಕಳೆದ ತಿಂಗಳು, ಶ್ರಾವಣದ ಎರಡನೆಯ ಸೋಮವಾರ, ಮಧ್ಯಾಹ್ನ ಊಟ ಮಾಡಿ ಮಲಗಿದವನು ಏಳಲಿಲ್ಲ. ನಾನು ಹೋದಾಗ ಸಾವಂತ್ರೆವ್ವ ಅವನ ತಲೆಯ ಹತ್ತಿರ ಕೂತಿದ್ದಳು. ನನ್ನನ್ನು ನೋಡಿ ಜಾಗ ಬಿಟ್ಟು ಸರಿದಳು. ಕೂತೆ. ನಾಲ್ಕರ ಹೊತ್ತಿಗೆ ಜನ ಬರತೊಡಗಿದರು. ಸಂಪಗಾಂವ, ಸಂಗೊಳ್ಳಿ, ಕಿತ್ತೂರು, ಎಲ್ಲೆಲ್ಲಿಂದಲೋ ಹೆಂಗಸರು. ಯಾರನ್ನೂ ನಾನು ಗುರುತಿಸಲಿಲ್ಲ. ಒಬ್ಬೊಬ್ಬಳೂ ತನ್ನ ಅಪ್ಪನೋ ಅವ್ವನೋ ಸತ್ತಾಗ ಅವನು ತನಗೆ ಏನು ಹೇಳಿದ್ದ ಎಂಬುದನ್ನು ಹೇಳಿಕೊಂಡು ಅಳುತ್ತಿದ್ದಳು. ಆ ಮಾತುಗಳು ಯಾವುವೂ ನನ್ನ ಪುಸ್ತಕದಲ್ಲಿಲ್ಲ. ಎಣಿಸಬಾರದೆಂದು ಗೊತ್ತಿದ್ದೂ ಬಂದವರನ್ನು ಎಣಿಸಿದೆ, ನನಗೆ ಎಷ್ಟು ಜನ ಬಂದಾರು ಎಂದೂ ಯೋಚಿಸಿದೆ. ಅವನು ಇದ್ದಿದ್ದರೆ ನನ್ನ ಮುಖ ನೋಡಿ ಅದನ್ನು ಓದಿಬಿಡುತ್ತಿದ್ದ. ಓದುವವರು ಯಾರೂ ಇರಲಿಲ್ಲ. ನಾನು ಅಳುತ್ತಿದ್ದುದರಿಂದ ಎಲ್ಲರೂ ನನ್ನನ್ನು ಅವನ ಗೆಳೆಯ ಎಂದು ತಿಳಿದು, ಕೈ ಹಿಡಿದು ಸಮಾಧಾನ ಹೇಳಿ ಹೋದರು.